ಸಾಹೇಬ್ರು ಎಲ್ಲಿ ಅದಾರವ್ವಾ?

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಯಾವ ಕಚೇರಿಗೆ ಹೋದರೂ ಕಾಕಾ ನಿಮಗಿಂತ ಮೊದಲೇ ಬಂದಿರುತ್ತಾರೆ. ಬಿಳಿ ಧೋತರ, ಹೆಗಲ ಮೇಲೊಂದು ಟವೆಲ್, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಪಟ್ಟಾದಾರ್ ಪಾಸ್‌ಬುಕ್, ಆಧಾರ್ ಝೆರಾಕ್ಸ್, ಬಿಪಿ ಗುಳಿಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿಯಲ್ಲಿ ಕೂತ ಹೆಣ್ಣುಮಗಳಿಗೆ ಕೈಮುಗಿದು, ಅವಳ ತಲೆಯ ಮೇಲಿಂದ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾ ಕೇಳುತ್ತಾರೆ:

"ಸಾಹೇಬ್ರು ಎಲ್ಲಿ ಅದಾರವ್ವಾ?"

"ನಾನೇರಿ. ಹೇಳ್ರಿ ಕಾಕಾ."

"ಇರ್ಲಿ ತಾಯಿ, ಬರ್ಲಿ. ಕೂಡ್ತೀನಿ."

ಗಡಿ ಸೀಮೆಯವರಾದ್ದರಿಂದ ಕಾಕಾಗೆ ಭಾಷೆಯ ಬಡತನವಿಲ್ಲ. ತಹಸೀಲ್ ಕಚೇರಿಯಲ್ಲಿ ತೆಲುಗಿನಲ್ಲಿ "ಸಾರ್ ಲೇರಾ ಅಮ್ಮಾ?" ಎನ್ನುತ್ತಾರೆ. ಟ್ರ್ಯಾಕ್ಟರ್ ಶೋರೂಮಿನಲ್ಲಿ ದಖನಿಯಲ್ಲಿ "ಸಾಬ್ ಕಾಂ ಹೈ ಬೇಟಾ?" ಎನ್ನುತ್ತಾರೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಬೀದರ್ ಕಡೆಯವಳೆಂದು ಗೊತ್ತಾದರೆ ಕನ್ನಡದಲ್ಲೇ ಕೇಳಿ ಊರು, ಓಣಿ, ಯಾರ ಮಗಳು ಎಲ್ಲ ವಿಚಾರಿಸಿ, ಕೊನೆಗೆ ಸಾಲದ ಅರ್ಜಿಯನ್ನು ಹೊರಗೆ ಬಂದೂಕು ಹಿಡಿದು ನಿಂತ ಸೆಕ್ಯುರಿಟಿಯವನಿಗೆ ತೋರಿಸುತ್ತಾರೆ.

ಕಾಕಾ ಒರಟರಲ್ಲ. ಒರಟರಾಗಿದ್ದರೆ ಕೆಲಸ ಹಗುರವಿತ್ತು. ಅಂಥವರಿಗೆ ಕಾನೂನಿದೆ, ದೂರಿನ ಪೆಟ್ಟಿಗೆ ಇದೆ. ಕೈಮುಗಿದು ತಾಯಿ ಎನ್ನುವವರ ಮೇಲೆ ಯಾವ ಕಲಂ ಹಾಕುವುದು? ತಾಯಿಗೆ ನಮಸ್ಕಾರ ಮಾಡುವುದಕ್ಕೆ ಅವರದೇನೂ ತಕರಾರಿಲ್ಲ, ತಾಯಿ ಸಹಿ ಮಾಡಿದ ಕಾಗದದ ಮೇಲಷ್ಟೇ ಅನುಮಾನ.

ತಾಂಡೂರಿನ ಹತ್ತಿರ ಅವರಿಗೆ ತೊಗರಿ ಹೊಲವಿದೆ. ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಕಲಬುರಗಿ ತೊಗರಿಗೆ 2019ರಲ್ಲೇ ಸಿಕ್ಕಿತ್ತೆಂದು ಸೇಡಂನ ಬೀಗರು ಆಗಾಗ ಚುಚ್ಚುತ್ತಾರೆ, ಅದು ಬೇರೆ ಮಾತು. ತೆಲಂಗಾಣದಲ್ಲಿ ಸುಮಾರು 5,000 ಎಕರೆಗೊಬ್ಬರಂತೆ ಕೃಷಿ ವಿಸ್ತರಣಾಧಿಕಾರಿ ಇರುತ್ತಾರೆ. ಊರವರು ಎಇಒ ಅನ್ನುತ್ತಾರೆ. ಕಾಕಾರ ಪಾಲಿಗೆ ಬಂದವಳು ಸ್ಕೂಟಿ ಮೇಲೆ ಬರುವ, ಕೃಷಿ ಓದಿದ ಹುಡುಗಿ. ಕಾಕಾರ ಹೊಲದಲ್ಲಿ ತೊಗರಿ ನಿಂತಲ್ಲೇ ಒಣಗತೊಡಗಿದಾಗ ಅವಳು ಸ್ಕೂಟಿ ಬದುವಿನ ಮೇಲೆ ನಿಲ್ಲಿಸಿ, ಕೆಸರಿಗಿಳಿದು, ಒಂದು ಗಿಡ ಬೇರುಸಹಿತ ಕಿತ್ತಳು. ಉಗುರಿನಿಂದ ಕಾಂಡ ಸೀಳಿ ಒಳಗೆ ಉದ್ದಕ್ಕೂ ಎದ್ದ ಕಪ್ಪು ಗೆರೆ ತೋರಿಸಿದಳು.

"ಇದು ನೆಟೆ ರೋಗ ಕಾಕಾ. ಶಿಲೀಂಧ್ರ ಮಣ್ಣಾಗೇ ಅದ. ವರ್ಷಾ ವರ್ಷಾ ಇದೇ ಹೊಲಕ್ಕ ತೊಗರಿ ಹಾಕಬ್ಯಾಡ್ರಿ, ನಡುವ ಜ್ವಾಳ ಬಿತ್ರಿ. ಮುಂದಿನ ಸಲ ಬೀಜಕ್ಕ ಟ್ರೈಕೊಡರ್ಮಾ ಹಚ್ಚೇ ಬಿತ್ತಬೇಕು."

"ಹೌದು ತಾಯಿ," ಎಂದು ಕಾಕಾ ತಲೆಯಾಡಿಸಿ, ಅವಳ ಸ್ಕೂಟಿ ತಿರುವು ದಾಟುವವರೆಗೆ ಕಾದು, ನೇರ ಗೊಬ್ಬರದ ಅಂಗಡಿಗೆ ನಡೆದರು. ಗಲ್ಲೆಯ ಮೇಲಿದ್ದ ಹುಡುಗ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಯಾವ ರೋಗಕ್ಕೆ ಏನು ಕೊಡಬೇಕೆಂದು ಅವನು ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳುವುದು ಅದೇ ಎಇಒಳನ್ನು. ಅವನೆಂದ: "ಟ್ರೈಕೊಡರ್ಮಾ ಹಚ್ರಿ ಕಾಕಾ, ನಡುವ ಜ್ವಾಳ ಬಿತ್ರಿ." ಕಾಕಾರ ಮುಖ ಅರಳಿತು. ಮುಂದಿನ ವಾರ ಅವಳು ಕೂಡುವ ರೈತು ವೇದಿಕೆಗೆ ಹೋಗಿ ಮೇಜಿನ ಮೇಲೆ ಪ್ಯಾಕೆಟ್ ಇಟ್ಟು, "ನೋಡವ್ವಾ, ಇಂಥಾದೊಂದು ಔಷಧ ಬರ್ತದಂತ. ನಿಮ್ಮ ಓದಿನಾಗ ಇದ್ದಿಲ್ಲ ಕಾಣ್ತದ," ಎಂದು ಉಪದೇಶ ಮಾಡಿ ಬಂದರು. ಹುಡುಗಿ "ಛಲೋ ಆಯ್ತು ಕಾಕಾ" ಎಂದಳಷ್ಟೇ. ರೋಗ ಕಂಡುಹಿಡಿಯುವುದು ಅವಳ ಅರ್ಧ ಕೆಲಸ. ಅದು ಯಾವ ಗಂಡಸಿನ ಬಾಯಿಂದ ಊರಿಗೆ ತಲುಪಬೇಕೆಂದು ಲೆಕ್ಕ ಹಾಕುವುದು ಉಳಿದರ್ಧ. ಆ ಉಳಿದರ್ಧಕ್ಕೆ ಸಂಬಳವಿಲ್ಲ.

ಬಸ್ಸಿನಲ್ಲಿ ಕಾಕಾರ ವರಸೆ ಬೇರೆ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಆರ್‌ಟಿಸಿ ಬಸ್ ಫ್ರೀ. ಹಳ್ಳಿ ಬಸ್ಸಿನಲ್ಲಿ ರೊಕ್ಕ ಕೊಟ್ಟು ಕೂತವರು ಕಾಕಾರಂಥ ನಾಲ್ಕೇ ಜನ, ಹಾಗಾಗಿ ಬಸ್ಸಿನ ಮಾಲೀಕರು ತಾವೇ ಎಂಬ ಠೀವಿ. (ಬೀದರಿನಿಂದ ಬಂದ ಸೊಸೆಯ ಆಧಾರ್ ಇನ್ನೂ ಕರ್ನಾಟಕದ್ದು. ಅವಳಿಗೂ ಪೂರಾ ಟಿಕೆಟ್. ಈ ಅನ್ಯಾಯಕ್ಕೆ ಮಾತ್ರ ಕಾಕಾ ಹೆಣ್ಣುಮಕ್ಕಳ ಪರ.) ಕಂಡಕ್ಟರ್ ಹೆಣ್ಣುಮಗಳು. ಟಿಕೆಟ್ ಮಷೀನ್ ಅವಳ ಕೊರಳಲ್ಲಿದೆ, ಸೀಟಿ ಅವಳ ಬಾಯಲ್ಲಿದೆ. ಕಾಕಾ ಅವಳನ್ನು ದಾಟಿ ಮುಂದಕ್ಕೆ ಬಗ್ಗಿ, "ಡ್ರೈವರ್ ಸಾಬ್, ಯಾವಾಗ ಬಿಡ್ತೀರಿ?" ಎನ್ನುತ್ತಾರೆ. ಡ್ರೈವರ್ ಕನ್ನಡಿಯಲ್ಲೇ ನೋಡಿ, "ಮೇಡಂ ಸೀಟಿ ಹೊಡದ್ರ ಬಿಡ್ತೀನಿ, ನನ್ನ ಕೈಯಾಗ ಏನೂ ಇಲ್ಲ," ಎನ್ನುತ್ತಾನೆ. ಆ ಸ್ಟೀರಿಂಗೂ ಹೆಣ್ಣುಮಗಳ ಕೈಗೆ ಹೋದೀತೆಂಬ ಸುದ್ದಿ ಕಾಕಾರಿಗೆ ಮುಟ್ಟಿದೆ: 2025ರ ಜೂನ್‌ನಲ್ಲಿ ವಿ. ಸರಿತಾ ತೆಲಂಗಾಣ ಆರ್‌ಟಿಸಿಯ ಮೊದಲ ಮಹಿಳಾ ಡ್ರೈವರ್ ಆದರು. ಅದಕ್ಕೂ ಮೊದಲು ಅವರು ದಿಲ್ಲಿಯ ಸಂದಣಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. "ದಿಲ್ಲಿ ರೋಡು ಅಗಲ ಇರ್ತಾವ," ಎಂದು ಕಾಕಾ ತೀರ್ಪು ಕೊಟ್ಟರು.

ಕರೆಂಟ್ ಕಂಬದ ಸುದ್ದಿಯೂ ಹಾಗೆಯೇ. ಸಿದ್ದಿಪೇಟೆ ಜಿಲ್ಲೆಯ ಬಬ್ಬೂರಿ ಶಿರೀಷಾ ಎಂಬಾಕೆ, ಲೈನ್‌ಮನ್ ಹುದ್ದೆಗೆ ಹೆಣ್ಣುಮಕ್ಕಳಿಗೆ ಅವಕಾಶವಿಲ್ಲ ಎಂದಾಗ ಹೈಕೋರ್ಟಿಗೆ ಹೋಗಿ, ಕಂಬ ಹತ್ತುವ ಪರೀಕ್ಷೆ ಪಾಸಾಗಿ, 2022ರಲ್ಲಿ ನೇಮಕವಾದರು. ಚಹಾದ ಅಂಗಡಿಯಲ್ಲಿ ಯಾರೋ ಅದನ್ನು ಓದಿ ಹೇಳಿದಾಗ ಕಾಕಾ ಬಸಿ ಕೆಳಗಿಟ್ಟು, "ಕಂಬ ಹತ್ತೂದೇನು ದೊಡ್ಡ ಮಾತು?" ಎಂದರು. ನೀವು ಹತ್ತೀರೇನು ಎಂದರೆ ಮೊಣಕಾಲು ಮುಟ್ಟಿಕೊಂಡರು.

ಆದರೆ ಕಾಕಾರನ್ನು ನಿಜಕ್ಕೂ ನಿದ್ದೆಗೆಡಿಸಿದ್ದು ಝರಾಸಂಗಮದ ದಾರಿ. ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ್ ಕಡೆಯ ಭಕ್ತರಂತೆ ಅವರೂ ತಪ್ಪದೆ ಹೋಗುತ್ತಾರೆ. ಅಲ್ಲೇ ಹತ್ತಿರದ ಮಾಚನೂರಿನಲ್ಲಿ ಸಂಗಂ ರೇಡಿಯೊ ಇದೆ. ಮೈಸೂರಿನ ಮಗ ಪಿ.ವಿ. ಸತೀಶ್ ಪಸ್ತಾಪುರದಲ್ಲಿ ಕಟ್ಟಿ ಬೆಳೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 2008ರ ಅಕ್ಟೋಬರ್ 15ರಿಂದ ಅದನ್ನು ನಡೆಸುತ್ತಿದ್ದಾರೆ. ನಡೆಸುವವರಿಬ್ಬರ ಹೆಸರೂ ನರಸಮ್ಮ. ಒಬ್ಬರು ಅಲ್ಗೋಲ್ ನರಸಮ್ಮ, ಇನ್ನೊಬ್ಬರು ಜನರಲ್ ನರಸಮ್ಮ. ಸಾವೆ, ನವಣೆ, ಬೀಜ, ಗೊಬ್ಬರ, ಹಾಡು ಎಲ್ಲ ಅದರಲ್ಲಿ ಬರುತ್ತದೆ. ಕಾಕಾ ಒಳಗೆ ಹೋಗಿ, ಗುಂಡಿ ತಿರುಗಿಸುತ್ತಿದ್ದ ಹೆಣ್ಣುಮಗಳ ಬೆನ್ನ ಹಿಂದೆ ನಿಂತು, "ಇಂಜಿನಿಯರ್ ಸಾಹೇಬ್ರು ಊಟಕ್ಕ ಹೋಗ್ಯಾರೇನು?" ಎಂದರಂತೆ.

ಅದೇ ಸಂಘದ ಹೆಣ್ಣುಮಕ್ಕಳು ಕ್ಯಾಮೆರಾನೂ ಹಿಡಿಯುತ್ತಾರೆ. ಕ್ಯಾಮೆರಾ ಕಲಿಯುವಾಗ ಕೋನಗಳಿಗೆ ತಾವೇ ಹೆಸರಿಟ್ಟರು. ಮೇಲಿಂದ ಕೆಳಕ್ಕೆ ನೋಡಿದರೆ ಪಟೇಲ್ ಶಾಟ್, ಕೆಳಗಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟ್, ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ಸಂಗಂ ಶಾಟ್. ಸಿನಿಮಾ ಶಾಲೆಯಲ್ಲಿ ಇಷ್ಟು ಚೊಕ್ಕವಾಗಿ ಹೇಳಿಕೊಡುತ್ತಾರೆಂದು ನನಗನಿಸುವುದಿಲ್ಲ. ಕಟ್ಟೆಯ ಮೇಲೆ ಕೂತ ಕಾಕಾರನ್ನು ಚಿತ್ರೀಕರಿಸಬೇಕಾದಾಗ ಕ್ಯಾಮೆರಾದವಳು, "ಕೆಳಗ ಬಂದು ಕೂಡ್ರಿ," ಎಂದಳು. ಕಾಕಾ ಇಳಿಯಲಿಲ್ಲ. "ಹಂಗಾದ್ರ ನಾನೇ ಬರ್ತೀನಿ," ಎಂದು ಅವಳೇ ಕಟ್ಟೆ ಹತ್ತಿ ಪಕ್ಕದಲ್ಲಿ ಕೂತಳು. ತಮ್ಮ ಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬಳು ಸರಿಸಮ ಕೂತದ್ದು ಅದೇ ಮೊದಲು. ಆ ವಿಡಿಯೊದಲ್ಲಿ ಕಾಕಾ ಪೂರ್ತಿ ಅಂಚಿಗೆ ಸರಿದಿದ್ದಾರೆ, ಅರ್ಧ ಮುಖವಷ್ಟೇ ಕಾಣುತ್ತದೆ.

ಇಷ್ಟಾಗಿಯೂ ಕಾಕಾರ ಮನೆಯಲ್ಲಿ ಬಿತ್ತನೆ ಬೀಜದ ಬುಟ್ಟಿ ಎಲ್ಲಿದೆ, ಯಾವುದಕ್ಕೆ ಬೂದಿ ಬೆರೆಸಿದೆ, ಯಾವುದಕ್ಕೆ ಬೇವಿನೆಲೆ ಹಾಕಿದೆ ಎಂದು ಗೊತ್ತಿರುವುದು ಕಾಕಿಗೆ ಮಾತ್ರ. ಹೊಲದ ಅರ್ಧ ವಿದ್ಯೆ ಅವಳದು. ರೈತರು ಕಾಕಾ.

ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಮೀಸಲು. ಕಾಕಾರ ಊರು ಆ ಅರ್ಧದಲ್ಲಿ ಸಿಕ್ಕಿ, ಕಾಕಿ ಸರ್ಪಂಚ್ ಆದಳು. ಊರ ಬಾಗಿಲಲ್ಲಿ ಫ್ಲೆಕ್ಸ್ ಎದ್ದಿತು: ಕಾಕಾ ಆಳೆತ್ತರ, ಕಾಕಿ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜು. ಗ್ರಾಮಸಭೆಯಲ್ಲಿ ಮೊದಲ ಕುರ್ಚಿಗೆ ಕಾಕಾ ಕೂತರು. ಆ ದಿನ ಬಂದ ಮಂಡಲ ಪರಿಷತ್ ಅಭಿವೃದ್ಧಿ ಅಧಿಕಾರಿ (ಎಂಪಿಡಿಒ) ಹೆಣ್ಣುಮಗಳು. ಆಕೆ ಬಾಗಿಲಲ್ಲೇ ನಿಂತು, ಕಾಕಾರ ತಲೆಯ ಮೇಲಿಂದ ಕ್ಯಾಲೆಂಡರಿನ ಕಡೆ ನೋಡುತ್ತಾ ಕೇಳಿದಳು:

"ಸರ್ಪಂಚ್ ಮೇಡಂ ಎಲ್ಲಿ ಅದಾರ್ರಿ?"

"ನಾನೇರಿ," ಅಂದರು ಕಾಕಾ.

"ಇರ್ಲಿ ಕಾಕಾ, ಬರ್ಲಿ. ಕೂಡ್ತೀನಿ."

ಕಾಕಾ ಸುಧಾರಿಸಿದರೇ ಎಂದು ಕೇಳಬೇಡಿ. ಕುರ್ಚಿಯಂತೂ ಬಿಟ್ಟರು, ಅದರ ಹಿಂದೆ ನಿಂತು ಕಾಕಿಯ ಕಿವಿಯಲ್ಲಿ ಉಸುರುವುದು ಇನ್ನೂ ನಡೆದಿದೆ. ಕಚೇರಿಯಲ್ಲಿ ಕೂತ ಹೆಣ್ಣುಮಕ್ಕಳಿಗೆ ನನ್ನದೊಂದೇ ವಿನಂತಿ: ಕಾಕಾ ಬಂದು ಸಾಹೇಬರನ್ನು ಕೇಳಿದರೆ ಸಿಟ್ಟಾಗಿ, ನಗಿ, ಬೇಕಾದರೆ ಬೋರ್ಡು ತೋರಿಸಿ. ತಮಾಷೆಗೆ ಮಾತ್ರ "ಊಟಕ್ಕ ಹೋಗ್ಯಾರ, ಬರ್ತಾರ" ಅನ್ನಬೇಡಿ. ಒಬ್ಬಾಕೆ ಹಾಗೆಂದಿದ್ದಕ್ಕೆ ಕಾಕಾ ಕಚೇರಿ ಮುಚ್ಚುವವರೆಗೂ ಬೆಂಚಿನ ಮೇಲೆ ಕೂತಿದ್ದರು, ಮರುದಿನ ಬುತ್ತಿ ಕಟ್ಟಿಕೊಂಡು ಬಂದರು.