ಟಟ್ರಾ ಲಾರಿಯ ಎಡಗಡೆ ಸ್ಟೀರಿಂಗು

ಅಲ್ಲಕ್ಕಾ, ನಟರಾಜನ್ ಹೆಸರು ಬಂದರೆ ಸಾಕು, ‘ಓ, ಆ ಲಾರಿ ಹಗರಣದವರಾ’ ಅಂತ ಮುಗಿಸಿಬಿಡ್ತೀರಲ್ಲ, ಅದು ನನಗೆ ಸರಿ ಕಾಣಲ್ಲ.

ವಿ.ಆರ್.ಎಸ್. ನಟರಾಜನ್ ಬೆಮೆಲ್ ಅಧ್ಯಕ್ಷರಾದ ಕಾಲ ನೆನೆಸ್ಕೊಳ್ಳಿ. 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್‌ನ, ಅಂದರೆ ಕೋಲಾರದ, ಚಿನ್ನದ ಗಣಿ ಮುಚ್ಚಿತು. ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯೋಕೆ ಹೋಗೋರ ಸಂಖ್ಯೆ ಏರ್ತಾ ಹೋಯಿತು. ಕೆಜಿಎಫ್‌ನಲ್ಲಿ ಉಳಿದ ದೊಡ್ಡ ಆಸರೆ ಅಂದರೆ ಬುಲ್ಡೋಜರ್, ಎಕ್ಸ್‌ಕವೇಟರ್ ಮಾಡೋ ಬೆಮೆಲ್. ವಿಮಾನ ಕಟ್ಟೋ ಎಚ್‌ಎಎಲ್‌ನವರು ರೈಲು ಬೋಗಿನೂ ಕಟ್ತಿದ್ದರಲ್ಲ, ಆ ವಿಭಾಗವನ್ನ ಬೇರೆ ಮಾಡಿ 1964ರಲ್ಲಿ ಹುಟ್ಟಿಸಿದ ಕಂಪನಿ ಇದು. 2011ರಲ್ಲಿ ನಮ್ಮ ಮೆಟ್ರೋ ಓಡಿದಾಗ ಅದರ ಬೋಗಿಗಳೂ ಬೆಮೆಲ್‌ನವೇ. ಆಗಲೂ ಅಧ್ಯಕ್ಷರು ಇವರೇ.

‘ಮತ್ತೆ ಆ ಹದಿನಾಲ್ಕು ಕೋಟಿ?’

ಅಲ್ಲೇ ಅಕ್ಕಾ ಎಲ್ಲರೂ ಎರಡು ಕಥೆ ಬೆರೆಸೋದು. ಸೇನೆಗೆ ಬೆಮೆಲ್ ಕೊಡ್ತಿದ್ದ ಟಟ್ರಾ ಲಾರಿ ಇನ್ನೂ 600 ಕೊಳ್ಳೋಕೆ ಒಪ್ಪಿಗೆ ಕೊಟ್ಟರೆ 14 ಕೋಟಿ ಕೊಡ್ತೀವಿ ಅಂತ ತಮಗೆ ಆಮಿಷ ಒಡ್ಡಿದರು ಅಂತ 2012ರ ಮಾರ್ಚ್‌ನಲ್ಲಿ ಸೇನಾ ಮುಖ್ಯಸ್ಥ ವಿ.ಕೆ. ಸಿಂಗ್ ಹೇಳಿದರು. ಅವರು ಬೆರಳು ತೋರಿಸಿದ್ದು ಒಬ್ಬ ನಿವೃತ್ತ ಲೆಫ್ಟಿನೆಂಟ್ ಜನರಲ್ ಕಡೆಗೆ. ಆ ನಿವೃತ್ತ ಅಧಿಕಾರಿ ಅದನ್ನ ಅಲ್ಲಗಳೆದರು. ಬೆಮೆಲ್ ಮೇಲೆ ಬಂದ ಪ್ರಶ್ನೆ ಬೇರೆ. ಟಟ್ರಾ ಲಾರಿ ಮಾಡೋರು ಚೆಕ್ ದೇಶದವರು. ಬಿಡಿಭಾಗಗಳನ್ನ ಅವರಿಂದ ನೇರ ತರಿಸದೆ ಬ್ರಿಟನ್ನಿನ ಟಟ್ರಾ ಸಿಪಾಕ್ಸ್ ಅನ್ನೋ ಕಂಪನಿ ಮೂಲಕ ಯಾಕೆ ತಂದಿರಿ ಅನ್ನೋದು. ಸಿಬಿಐ ನಟರಾಜನ್ ಅವರನ್ನೂ ವಿಚಾರಿಸಿತು. ತಪ್ಪು ಮಾಡಿಲ್ಲ ಅಂತಲೇ ಅವರು ಹೇಳ್ತಾ ಬಂದರು. ಜೂನ್‌ನಲ್ಲಿ ಸರ್ಕಾರ ಅವರನ್ನ ಅಮಾನತು ಮಾಡಿತು. ಮುಂದೆ ಸಾಕ್ಷ್ಯ ಸಾಲದು ಅಂತ ಸಿಬಿಐ ಆ ಖರೀದಿ ಪ್ರಕರಣ ಮುಕ್ತಾಯದ ವರದಿ ಹಾಕಿತು. ಅಮಾನತಿನ ಸುದ್ದಿ ಊರಿಗೆಲ್ಲ ಗೊತ್ತು, ಮುಕ್ತಾಯದ್ದು ನಿಮಗೇ ಗೊತ್ತಿರಲಿಲ್ಲ ನೋಡಿ.

‘ಹಂಗಾದರೆ ಎಲ್ಲ ಸರಿ ಇತ್ತು ಅಂತೀಯಾ?’

ಹಂಗನ್ನಲ್ಲ. ನನಗೆ ಸಿಟ್ಟು ಬರೋದು ಬೇರೆ ಕಡೆ. ಟಟ್ರಾ ಒಪ್ಪಂದ ಆಗಿದ್ದು 1986ರಲ್ಲಿ. ಸೇನೆಗೆ ಹೋದ ಲಾರಿ ಏಳು ಸಾವಿರಕ್ಕೂ ಮೇಲೆ. ಗಟ್ಟಿ ಗಾಡಿ, ಮರಳಿರಲಿ ಬೆಟ್ಟವಿರಲಿ ಹತ್ತಿ ಇಳಿಯುತ್ತೆ; ಅದಕ್ಕೆ ಹೆಸರಿಡೋ ಹಾಗಿಲ್ಲ. ಆದರೆ ಕಾಲು ಶತಮಾನ ಕಳೆದರೂ ಸ್ಟೀರಿಂಗು ಎಡಗಡೆಯೇ! ನಮ್ಮ ರಸ್ತೆಯಲ್ಲಿ ನಮ್ಮ ಯೋಧ ಎಡಗಡೆ ಕೂತು, ಮುಂದಿನ ಗಾಡಿ ದಾಟುವಾಗ ಎದುರಿಂದ ಬರೋ ಗಾಡಿ ಸರಿಯಾಗಿ ಕಾಣದೆ ಓಡಿಸಬೇಕಿತ್ತು. ತಂತ್ರಜ್ಞಾನ ಪೂರ್ತಿ ಕೈಗೆ ಬಂದಿದ್ದರೆ ಸ್ಟೀರಿಂಗನ್ನ ಬಲಕ್ಕೆ ತರೋದು ಎಷ್ಟು ವರ್ಷದ ಕೆಲಸ? ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದು ಯಂತ್ರ ನಡೆಸಿದವರ ಮಕ್ಕಳಿರೋ ಊರು ಇದು. ಫಿಟ್ಟರ್, ಟರ್ನರ್, ವೆಲ್ಡರ್ ಯಾರಿಗೆ ಬರ ಇಲ್ಲಿ?

ಅದಕ್ಕೆ ಒಬ್ಬ ನಟರಾಜನ್ ಹೊಣೆ ಅಂತಲೂ ನಾನು ಹೇಳಲ್ಲ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರು, ದೆಹಲಿಯಲ್ಲಿ ವರ್ಷ ವರ್ಷ ಆರ್ಡರಿಗೆ ರುಜು ಹಾಕಿದವರು, ಎಲ್ಲರನ್ನೂ ಕೇಳಬೇಕು. 2012ರಲ್ಲಿ ಸಂಸತ್ತು, ಟಿವಿ ಎಲ್ಲ ಕಡೆ ಗಲಾಟೆ ಎದ್ದಾಗಲೇ ಕೇಳಬಹುದಿತ್ತು. ಆಗ ಎಲ್ಲರ ಬಾಯಲ್ಲೂ ಹದಿನಾಲ್ಕು ಕೋಟಿ. 2021ರ ಜನವರಿಯಲ್ಲಿ ಬೆಮೆಲ್‌ನ ಶೇ. 26 ಪಾಲು ಮಾರೋಕೆ ಸರ್ಕಾರ ಕೊಳ್ಳುವವರನ್ನ ಕರೆದಾಗಲೂ ಈ ಪ್ರಶ್ನೆ ಯಾರೂ ಎತ್ತಲಿಲ್ಲ ಅಕ್ಕಾ.