ಪರಹಸ್ತ ವಾಹನ ಮೀಮಾಂಸೆ: ಒಂದು ಮಲ್ಲೇಶ್ವರಂ ಅಧಿಕರಣ

ಯಾವ ಅಧಿಕರಣಕ್ಕೂ ಐದು ಅಂಗಗಳಿರಬೇಕು ಎನ್ನುತ್ತಾರೆ ಮೀಮಾಂಸಕರು. ಯಾವ ಕಾರಿಗೂ ಐದು ಚಕ್ರಗಳಿರಬೇಕು ಎನ್ನುತ್ತಾರೆ ಮೆಕ್ಯಾನಿಕ್‌ಗಳು. ತೀರಾ ಅಗ್ಗದ ಹಳೇ ಕಾರಿನಲ್ಲಿ ಐದನೆಯದು ಸಾಮಾನ್ಯವಾಗಿ ಸಿಗದಿರುವುದರಿಂದ ಪ್ರಸ್ತುತ ಪ್ರಬಂಧವೂ ನಾಲ್ಕರ ಮೇಲೆಯೇ ಓಡುತ್ತದೆ.

ವಿಷಯ

ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವಣ ಯಾವುದೋ ಕ್ರಾಸಿನಲ್ಲಿ, ಗೇಟಿನ ಹೊರಗೆ, ಹೊದಿಕೆ ಹೊದ್ದು ನಿಂತ ಮಾರುತಿ 800 ಇಲ್ಲಿನ ವಿಚಾರ್ಯ ವಸ್ತು. ಅದು ಗೇಟಿನ ಒಳಗಿಲ್ಲದಿರುವುದಕ್ಕೆ ಚಾರಿತ್ರಿಕ ಕಾರಣವುಂಟು. ಬಡಾವಣೆ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಬಂದವರಿಗೆ ಗಾಳಿ ಬೆಳಕು ಬೇಕಿತ್ತು, ಕಾರ್ ಶೆಡ್ಡು ಬೇಕಿರಲಿಲ್ಲ. 796 ಸಿಸಿಯ ಈ ಕಾರು 1983ರ ಡಿಸೆಂಬರಿನಲ್ಲಿ ಅವತರಿಸಿತು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ನಿಯಮ ಬಂದಾಗ ಬೆಂಗಳೂರಿನ ಶೋರೂಮು ಬಿಟ್ಟಿತು, 2014ರ ಜನವರಿಯಲ್ಲಿ ಕಾರ್ಖಾನೆಯನ್ನೂ ಬಿಟ್ಟಿತು. ಕ್ರಾಸನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಸಂಶಯ

ಕೊಳ್ಳಬಹುದೋ, ಕೊಳ್ಳಬಾರದೋ?

ಈ ಸಂಶಯವನ್ನು ಪಾಶ್ಚಾತ್ಯರಲ್ಲಿ ಮೊದಲು ಶಾಸ್ತ್ರೀಯವಾಗಿ ಎತ್ತಿದವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರುವುದಿಲ್ಲ, ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಈ ಲೇಖನವನ್ನು ಮೂರು ಪತ್ರಿಕೆಗಳು ತಳ್ಳಿಹಾಕಿದ ಮೇಲೆ 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅಕರ್ಲಾಫರಿಗೆ ನೊಬೆಲ್ ಬಂತು. ಮಲ್ಲೇಶ್ವರಂನ ಯಾವ ಸೋದರಮಾವನನ್ನು ಕೇಳಿದ್ದರೂ ಇದನ್ನೇ ಕಾಫಿ ಲೋಟ ಕೆಳಗಿಡುವುದರೊಳಗೆ ಹೇಳುತ್ತಿದ್ದರು. ಆದರೆ ಸೋದರಮಾವಂದಿರು ಪತ್ರಿಕೆಗಳಿಗೆ ಕಳಿಸುವುದಿಲ್ಲ.

ಪೂರ್ವಪಕ್ಷ

ಮಾರುವವರ ವಾದ ಹೀಗಿದೆ: “ಸಿಂಗಲ್ ಓನರ್ ಸಾರ್. ಡಾಕ್ಟ್ರು ಓಡಿಸ್ತಿದ್ದಿದ್ದು. ವಾರಕ್ಕೊಂದ್ಸಲ ದೇವಸ್ಥಾನಕ್ಕೆ ಬಿಟ್ರೆ ಆಚೆಗೇ ತೆಗ್ದಿಲ್ಲ. ಎಂಜಿನ್ ಅಂತೂ ಬೆಣ್ಣೆ.”

ಬೆಣ್ಣೆಯ ವಾದವನ್ನು ಏಳನೇ ಕ್ರಾಸಿನ ಸಿಟಿಆರ್ ಹೋಟೆಲಿನ ಬೆಣ್ಣೆ ದೋಸೆಯ ಊರಿನಲ್ಲಿ ಹಗುರಾಗಿ ತಳ್ಳಿಹಾಕುವಂತಿಲ್ಲ. ಎಂಜಿನ್ ಆಯಿಲಿನ ಮುಚ್ಚಳ ತಿರುಗಿಸಿ ತೆಗೆದರೆ ಅದರ ಒಳಮೈಗೆ ಕೆಲವೊಮ್ಮೆ ಬೆಣ್ಣೆಯಂಥ ಕೆನೆ ಮೆತ್ತಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಬೆರೆತಿರಬಹುದೆಂಬುದರ ಸೂಚನೆ ಅದು. ಇಷ್ಟರ ಮಟ್ಟಿಗೆ ಪೂರ್ವಪಕ್ಷ ಸತ್ಯವನ್ನೇ ನುಡಿದಿದೆ.

ಸಿದ್ಧಾಂತ

ಜ್ಞಾನಕ್ಕೆ ಆರು ಪ್ರಮಾಣಗಳು. ಕೊಳ್ಳುವವರು ಇವುಗಳಲ್ಲಿ ಶಬ್ದಪ್ರಮಾಣವೊಂದನ್ನೇ, ಅಂದರೆ ಮೇಲಿನ ಡಾಕ್ಟರರ ಕಥೆಯನ್ನೇ ನೆಚ್ಚುವುದು ಕಂಡುಬರುತ್ತದೆ. ಉಳಿದ ಐದಕ್ಕೂ ಖರ್ಚಿಲ್ಲ.

ಪ್ರತ್ಯಕ್ಷ: ಬಾಗಿಲಿಗೆ ಅಯಸ್ಕಾಂತ ಹಿಡಿದಾಗ ಅದು ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದಾಗ ಕೆಸರಿನ ಗೆರೆ ಕಂಡರೆ ಕಾರು ಒಮ್ಮೆ ಮುಳುಗಿ ಎದ್ದಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಗರದ ಪೂರ್ವದ ಬಡಾವಣೆಗಳಲ್ಲಿ ಕಾರುಗಳು ಹಾಗೆ ಮುಳುಗಿದ್ದವು. ಒಣಗಿದ ಕಾರಿಗೆ ದಿಕ್ಕಿನ ಹಂಗಿಲ್ಲ.

ಅನುಮಾನ: ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದ ನೈಯಾಯಿಕರು ಹೊಗೆಯ ಬಣ್ಣ ಕೇಳಲಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿದೆ, ಬಿಳಿ ಬಂದು ನಿಲ್ಲದೇ ಹೋದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಮಾರುವವರು ಎಂಜಿನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾತ್ರ ಇಡೀ ಅನುಮಾನವೇ ಹೇತ್ವಾಭಾಸವಾಗುತ್ತದೆ. ಆದ್ದರಿಂದ ಮಾತಿಗೆ ಮುಂಚೆ ಬಾನೆಟ್ ಮುಟ್ಟಿ ನೋಡುವುದು ವಿಹಿತ.

ಅರ್ಥಾಪತ್ತಿ: ಶಾಸ್ತ್ರದ ಉದಾಹರಣೆಯಲ್ಲಿ ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮೀಟರು 38,000 ಕಿ.ಮೀ. ಎನ್ನುತ್ತದೆ, ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿದೆ. ಉಳಿದ ಲಕ್ಷ ಕಿಲೋಮೀಟರನ್ನು ಯಾರೋ ಉಂಡಿದ್ದಾರೆ.

ಅನುಪಲಬ್ಧಿ: ಇಲ್ಲದ್ದನ್ನು ಇಲ್ಲವೆಂದು ಅರಿಯುವುದು. ಎರಡನೇ ಬೀಗದ ಕೈ, ಜಾಕ್, ಸರ್ವೀಸ್ ಪುಸ್ತಕ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಕೊನೆಯ ಎರಡಿಲ್ಲದಿದ್ದರೆ ಕಾರಿನ ಮೇಲೆ ಬ್ಯಾಂಕಿನ ಹಕ್ಕು ಇನ್ನೂ ಕೂತಿದೆ.

ಉಪಮಾನ: 1983ರಲ್ಲಿ ಹೊಸ 800ರ ಬೆಲೆ ಐವತ್ತು ಸಾವಿರದ ಆಸುಪಾಸು. ಇಪ್ಪತ್ತು ವರ್ಷ ತುಂಬಿದ್ದಕ್ಕೂ ಅಷ್ಟನ್ನೇ ಕೇಳುವವರಿದ್ದಾರೆ. ನಾಲ್ಕು ದಶಕದಲ್ಲಿ ಬೆಲೆ ಏರದ ವಸ್ತು ಬೇರೊಂದಿಲ್ಲ ಎಂದೂ ಅವರು ಸೇರಿಸುತ್ತಾರೆ. ಆದರೆ 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ₹600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ ₹5,000 ಆಯಿತು. 2025ರಲ್ಲಿ, 20 ವರ್ಷ ದಾಟಿದವಕ್ಕೆ ₹10,000. ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ಪ್ಲೇಟು, ಜೆ.ಸಿ. ರಸ್ತೆಯ ಬಿಡಿಭಾಗಗಳ ಬಿಲ್ಲು ಬೇರೆ. ಬಾಕಿ ಸಂಚಾರ ದಂಡವೂ ಕಾರಿನ ನಂಬರಿಗೇ ಅಂಟಿ ಬರುತ್ತದೆ. 2023ರ ಫೆಬ್ರವರಿಯಲ್ಲಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಿದ್ದನ್ನು ನೆನೆದು ಮುಂದಿನ ರಿಯಾಯಿತಿಗೆ ಕಾಯುವುದು ಒಂದು ಪ್ರತ್ಯೇಕ ಸಂಪ್ರದಾಯ.

ಪ್ರಮಾಣಗಳೆಲ್ಲ ಅನುಕೂಲವಾದರೂ ಯಜಮಾನಿಕೆಯ ತೊಡಕು ಉಳಿಯುತ್ತದೆ. ದುಡ್ಡು ಕೊಟ್ಟು ಬೀಗದ ಕೈ ತೆಗೆದುಕೊಂಡವನೇ ಯಜಮಾನನೆಂಬುದು ಲೌಕಿಕರ ಭ್ರಮೆ. 1988ರ ಮೋಟಾರು ವಾಹನ ಕಾಯ್ದೆಯ ಮತದಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವನೇ ಯಜಮಾನ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30 ಇರುವುದು ಅದಕ್ಕೇ. ಹೀಗೆ ಮಾಡದೆ ಕೈಯಿಂದ ಕೈಗೆ ದಾಟುತ್ತಿದ್ದ ಒಂದು ವಾಹನ 2009ರಲ್ಲಿ ಅಪಘಾತ ಮಾಡಿತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಆ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಹೊಣೆಯನ್ನು, ಎಂದೋ ಮಾರಿ ಮರೆತಿದ್ದ ಮೊದಲನೆಯವನ ಮೇಲೇ ಹೊರಿಸಿತು. ಕಾರು ದೇಹಾಂತರ ಹೊಂದಿದರೂ ಕರ್ಮ ಆರ್‌ಸಿಯಲ್ಲೇ ಇರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಹಣ ಕೊಡುವ ಮುನ್ನ ಕಾರನ್ನು ಪರಿಚಯದ ಮೆಕ್ಯಾನಿಕ್‌ಗೆ ತೋರಿಸಬೇಕೆಂಬ ವಿಧಿಯಲ್ಲೂ ಒಂದು ಅನ್ಯೋನ್ಯಾಶ್ರಯ ದೋಷವಿದೆ. ಗ್ಯಾರೇಜಿನ ತನಕ ಓಡಿಸಲು ಇನ್ಶೂರೆನ್ಸ್ ಬೇಕು. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ₹2,000 ದಂಡ. ತನ್ನ ಹೆಸರಿಗೆ ಇನ್ಶೂರೆನ್ಸ್ ಮಾಡಿಸಲು ಆರ್‌ಸಿ ತನ್ನದಾಗಬೇಕು. ಆರ್‌ಸಿ ತನ್ನದಾಗಲು ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಬೇಕು. ಮೆಕ್ಯಾನಿಕ್‌ನನ್ನೇ ಕ್ರಾಸಿಗೆ ಕರೆತರುವುದು ಇದಕ್ಕೆ ಪರಿಹಾರ. ಆತ ಬರುವ ಸ್ಕೂಟರಿನ ಇನ್ಶೂರೆನ್ಸ್ ವಿಚಾರ ಈ ಅಧಿಕರಣದ ವ್ಯಾಪ್ತಿಗೆ ಹೊರತು.