ಚಾಪೆ ಬೇಕೇ, ಬೇಡವೇ?

ಮೈಗೂ ಮನಸ್ಸಿಗೂ ಹಿತವಾದ ವ್ಯಾಯಾಮ ಹುಡುಕುವವರ ಮುಂದೆ ಸಾಮಾನ್ಯವಾಗಿ ಎರಡು ಹೆಸರು ಬರುತ್ತವೆ: ಯೋಗಾಸನ ಮತ್ತು ಚೀನಾದ ತೈ ಚಿ. ಎರಡರಲ್ಲೂ ಏದುಸಿರು ಬಿಡಬೇಕಿಲ್ಲ, ಭಾರ ಎತ್ತಬೇಕಿಲ್ಲ, ಪಕ್ಕದವರನ್ನು ಸೋಲಿಸಬೇಕಿಲ್ಲ. 2016ರಲ್ಲಿ ಯೋಗವನ್ನೂ 2020ರಲ್ಲಿ ತೈ ಚಿಯನ್ನೂ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿರುವುದರಿಂದ, ಪ್ರತಿಷ್ಠೆ ನೋಡಿ ಆರಿಸುವಂತೆಯೂ ಇಲ್ಲ.

ಸೌಮ್ಯ ಎಂಬ ಬಿರುದು ಎರಡಕ್ಕೂ ತಡವಾಗಿ ಸಂದದ್ದು. ತೈ ಚಿ ಮೂಲತಃ ಹೊಡೆದಾಟದ ವಿದ್ಯೆ, ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆದದ್ದು. ಉದ್ಯಾನಗಳಲ್ಲಿ ಅಜ್ಜಂದಿರು ಮೋಡ ಸವರುವ ಹಾಗೆ ಆಡಿಸುವ ಕೈ, ಎದುರಾಳಿಯ ಗುದ್ದು ತಪ್ಪಿಸುತ್ತಿದ್ದ ಕೈಯೇ. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಯಾಂಗ್ ಶೈಲಿಯ ಉದ್ದನೆಯ ವರಸೆಯನ್ನು 24 ಭಂಗಿಗಳಿಗೆ ಇಳಿಸಿತು. ಇತ್ತ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸುತ್ತಿದ್ದದ್ದು ಬೆವರಿಳಿಸುವ ಪಾಠ. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಪದ್ಧತಿ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶಿಯರ ತೊಯ್ದ ಬನಿಯನ್ ಕಂಡವರು ಯೋಗವನ್ನು ಸೌಮ್ಯ ಎನ್ನಲು ಹಿಂದೆಮುಂದೆ ನೋಡಿಯಾರು. ಇನ್ನೊಬ್ಬ ಶಿಷ್ಯರು, ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳ ಆಸರೆ ಕೊಟ್ಟು ಬಗ್ಗದ ಬೆನ್ನುಗಳ ಮೇಲೆ ಕರುಣೆ ತೋರಿದರು.

ಪ್ರಾಣಿಗಳಿಗೆ ಎರಡರಲ್ಲೂ ಕೊರತೆಯಿಲ್ಲ. ಯೋಗದಲ್ಲಿ ಮನುಷ್ಯನೇ ಹಾವು, ಮೀನು, ಮಿಡತೆ, ಒಂಟೆ, ಹುಂಜ ಆಗಬೇಕು. ತೈ ಚಿಯಲ್ಲಿ ಕೊಕ್ಕರೆಯಂತೆ ರೆಕ್ಕೆ ಬಿಚ್ಚುವಂಥ ಕೆಲವನ್ನು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಪ್ರಾಣಿಗಳ ಜೊತೆಗಿನ ವ್ಯವಹಾರ: ಕಾಡುಕುದುರೆಯ ಕೇಸರ ಸೀಳುವುದು, ಹಿಂದೆ ಸರಿಯುತ್ತ ಕೋತಿಯನ್ನು ತಳ್ಳುವುದು. ಎರಡನೆಯದನ್ನು ದೇವಸ್ಥಾನಗಳಲ್ಲಿ ಬಾಳೆಹಣ್ಣು ಹಿಡಿದ ಭಕ್ತರು ಗುರುವಿಲ್ಲದೆಯೇ ಅಭ್ಯಾಸ ಮಾಡಿದ್ದಾರೆ.

ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ತತ್ತ್ವವಲ್ಲ, ನೆಲ. ನೆಲದ ಮೇಲೆ ಕೂರುವುದು ಹೇಗೋ ಆಗುತ್ತದೆ. ಏಳುವಾಗ ಒಂದು ಕೈ ಸೋಫಾದ ಮೇಲೆ, ಇನ್ನೊಂದು ತೊಡೆಯ ಮೇಲೆ, ಬಾಯಲ್ಲಿ ‘ಅಯ್ಯಪ್ಪಾ’. ಅಂಥವರಿಗೆ ನಿಂತೇ ಮುಗಿಯುವ ತೈ ಚಿ ಒಗ್ಗುತ್ತದೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುವುದರಿಂದ ವಯಸ್ಸಾದವರು ಬೀಳುವುದನ್ನು ಅದು ಕಡಿಮೆ ಮಾಡುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ಮಂಡಿ ಉದ್ದಕ್ಕೂ ಅರೆಬಾಗಿರಬೇಕು. ಮಂಡಿ ಸವೆದವರು ಕಡಿಮೆ ಬಾಗಿಸಿದರಾಯಿತು, ಬಾಗಿಸಲೇಬೇಕೆಂಬ ಹಟ ಬೇಡ. ಯೋಗದಲ್ಲೂ ಅಷ್ಟೆ: ರಕ್ತದೊತ್ತಡ, ಗ್ಲಾಕೋಮಾ ಇರುವವರಿಗೆ ಶೀರ್ಷಾಸನದ ಆಸೆ ಸಲ್ಲದು.

ನೆನಪಿನ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಆಸನ ಮರೆತರೆ ಮುಂದಿನದಕ್ಕೆ ಹೋಗಬಹುದು. ತೈ ಚಿ ಒಂದೇ ಸರಪಳಿ. ನಡುವೆ ಒಂದು ತಿರುವು ಮರೆತವನು ಇಡೀ ಸಾಲು ಪೂರ್ವಕ್ಕೆ ಮುಖ ಮಾಡಿರುವಾಗ ತಾನೊಬ್ಬನೇ ಪಶ್ಚಿಮಕ್ಕೆ ತಿರುಗಿ, ಹಿಂದಿನ ಸಾಲಿನವರನ್ನು ಸ್ವಾಗತಿಸುವವನ ಹಾಗೆ ನಿಂತಿರುತ್ತಾನೆ.

ಶವಾಸನದ ಆಕರ್ಷಣೆಗೆ ಮಾತ್ರ ತೈ ಚಿಯಲ್ಲಿ ಜವಾಬಿಲ್ಲ. ಯೋಗ ತರಗತಿಗಳಲ್ಲಿ ಹಾಜರಿ ಉಳಿದಿರುವುದೇ ಅದರಿಂದ ಎಂದರೆ ಅತಿಶಯವಾಗದು. ಮೂಲೆಯ ಗೊರಕೆಗೆ ಗುರುಗಳೂ ಕಿವುಡಾಗುತ್ತಾರೆ.

ಕರ್ನಾಟಕದಲ್ಲಿ ಯೋಗ ಕಲಿಸುವವರು ಬಡಾವಣೆಗೊಬ್ಬರು ಸಿಗುತ್ತಾರೆ, ತೈ ಚಿ ಗುರುಗಳನ್ನು ಬೆಂಗಳೂರಿನಲ್ಲೂ ಹುಡುಕಬೇಕು. ವಿಡಿಯೊ ನೋಡಿ ಕಲಿಯುವವರಿಗೆ ಎಡ-ಬಲದ ಗೊಂದಲ ಬೇರೆ. ಇನ್ನು ಹೊಟ್ಟೆಯ ವಿಷಯ: ಯೋಗಕ್ಕೆ ಹೊಟ್ಟೆ ಖಾಲಿ ಇರಬೇಕು, ತೈ ಚಿ ಅಷ್ಟು ಕಟ್ಟುನಿಟ್ಟಲ್ಲ. ಬೆಳಗಿನ ಕಾಫಿ ಬೀಳದೆ ಕಣ್ಣೇ ಬಿಡದ ಮನೆಗಳಲ್ಲಿ ಉಳಿದೆಲ್ಲ ವಾದಗಳಿಗಿಂತ ಇದೇ ಮೇಲುಗೈ ಪಡೆಯುವುದುಂಟು.